ಬ್ಯಾಗು ಹೊತ್ತ ಎರಡು ವರ್ಷ, ಆಮೇಲೊಂದು ಕೋಣೆ

ಬ್ಯೂಟಿ ಥೆರಪಿ ಕೋರ್ಸ್ ಮುಗಿಸಿದಾಗ ನನ್ನ ಹತ್ತಿರ ಒಂದು ಸರ್ಟಿಫಿಕೇಟ್ ಇತ್ತು, ಕೂಡಿಟ್ಟ ಸ್ವಲ್ಪ ಹಣ ಇತ್ತು. ಪಾರ್ಲರ್ ತೆರೆಯೋದಾ, ಮನೆ ಮನೆಗೆ ಹೋಗಿ ಸರ್ವಿಸ್ ಕೊಡೋದಾ ಅನ್ನುವುದು ಮಾತ್ರ ಬಗೆಹರಿದಿರಲಿಲ್ಲ. ಕೇಳಿದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು: "ಮೊದಲು ಮನೆಗೆ ಹೋಗಿ ಮಾಡು. ಬಾಡಿಗೆ ಇಲ್ಲ, ಕರೆಂಟ್ ಬಿಲ್ ಇಲ್ಲ, ಬಂದದ್ದೆಲ್ಲ ನಿಂದೇ." ನಾನೂ ಹಾಗೇ ನಂಬಿದೆ. ಎರಡು ವರ್ಷ ಬ್ಯಾಗು ಹೊತ್ತು ತಿರುಗಿದೆ. ಆಮೇಲೆ ಒಂದು ವರ್ಷ ಬೇರೆಯವರ ಪಾರ್ಲರಿನಲ್ಲಿ ಕುರ್ಚಿ ಬಾಡಿಗೆಗೆ ಹಿಡಿದೆ. ಈಗ ಸ್ವಂತ ಕೋಣೆಯಲ್ಲಿ ಮೂರನೇ ವರ್ಷ. ಬಾಡಿಗೆ ಎರಡೂ ಕಡೆ ಇದೆ ಅಂತ ಈಗ ಗೊತ್ತು. ಕೋಣೆ ಹಿಡಿದರೆ ಹಣದಲ್ಲಿ ಕೊಡುತ್ತೇವೆ. ಬ್ಯಾಗು ಹಿಡಿದರೆ ಸಮಯದಲ್ಲಿ ಕೊಡುತ್ತೇವೆ, ಬೆನ್ನಿನಲ್ಲೂ ಕೊಡುತ್ತೇವೆ.

ಮಡಚುವ ಬೆಡ್ ಒಂದೇ 14 ಕಿಲೋ ಇತ್ತು. ವ್ಯಾಕ್ಸ್ ಹೀಟರ್, ವ್ಯಾಕ್ಸ್ ಡಬ್ಬಗಳು, ಸ್ಟ್ರಿಪ್, ಮರದ ಕಡ್ಡಿಗಳ ಕಟ್ಟು, ಫೇಶಿಯಲ್ ಸಾಮಾನು, ಬೆಡ್‌ಶೀಟ್, ಟವೆಲ್, ದಾರ, ಕತ್ತರಿ, ಪ್ಲಕ್ಕರ್, ಗ್ಲೌಸ್, ಇವೆಲ್ಲ ಸೇರಿ ಇನ್ನೊಂದು 11 ಕಿಲೋ. ಮೊದಲ ಅಪಾಯಿಂಟ್‌ಮೆಂಟ್ ಮೂರನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಮೇಲೆ ಹತ್ತಿ ಬಾಗಿಲು ತಟ್ಟಿದಾಗ ಕೈ ನಡುಗುತ್ತಿತ್ತು. ನಡುಗುವ ಕೈಯಲ್ಲಿ ಹುಬ್ಬಿಗೆ ದಾರ ಹಾಕೋಕಾಗುತ್ತಾ? ಹತ್ತು ನಿಮಿಷ ಕೂತು, ನೀರು ಕುಡಿದು ಶುರು ಮಾಡಿದೆ. ಅಂದಿನಿಂದ ಬುಕಿಂಗ್ ತಗೊಳ್ಳುವಾಗಲೇ ಎಷ್ಟನೇ ಮಹಡಿ, ಗಾಡಿ ಎಲ್ಲಿ ನಿಲ್ಲಿಸಬಹುದು ಅಂತ ಕೇಳುತ್ತೇನೆ.

ಮನೆಯೊಳಗೆ ಬೇರೆ ಥರದ ತೊಂದರೆಗಳು. ಕೂರಿಸೋಕೆ ತಗ್ಗಾದ ಸೋಫಾ. ಪ್ಲಗ್ ಪಾಯಿಂಟ್ ಎಲ್ಲೋ ಬೀರು ಹಿಂದೆ. ಲೈಟು ನಮ್ಮ ಬೆನ್ನ ಹಿಂದೆ, ಹಾಗಾಗಿ ನಮ್ಮ ನೆರಳೇ ಅವರ ಮುಖದ ಮೇಲೆ. ಕೋರ್ಸಿನಲ್ಲಿ ಕಲಿತದ್ದೆಲ್ಲ ಎತ್ತರದ ಕುರ್ಚಿ, ಒಳ್ಳೆಯ ಬೆಳಕು ಇದ್ದ ಜಾಗದಲ್ಲಿ. ಒಬ್ಬ ಅಕ್ಕನ ಎಡ ಹುಬ್ಬು ಒಂದೆಳೆ ತೆಳ್ಳಗಾದದ್ದು ಕಿಟಕಿ ಹತ್ತಿರ ಬಂದಾಗಲೇ ನನಗೆ ಕಂಡದ್ದು. ಅವರು ಏನೂ ಅನ್ನಲಿಲ್ಲ, ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನವೇ ಕ್ಲಿಪ್ ಹಾಕುವ ಲೈಟು, ಐದು ಮೀಟರ್ ಎಕ್ಸ್‌ಟೆನ್ಷನ್ ಬೋರ್ಡು ತಂದೆ. ನನ್ನ ಪ್ರಕಾರ ಬ್ಯಾಗಿನಲ್ಲಿ ಮೊದಲು ಇರಬೇಕಾದ ಸಾಮಾನು ಆ ಲೈಟು. ಕ್ರೀಮುಗಳೆಲ್ಲ ಆಮೇಲೆ.

ನಾಲ್ಕು ತಿಂಗಳು ಹೀಗೇ ಓಡಾಡಿದೆ. ದಿನವೆಲ್ಲ ಕೆಲಸ ಮಾಡಿದ ಹಾಗೆ ಸುಸ್ತು, ತಿಂಗಳ ಕೊನೆಗೆ ಕೈಯಲ್ಲಿ ಮಾತ್ರ ಜಾಸ್ತಿ ಏನೂ ಉಳಿಯುತ್ತಿರಲಿಲ್ಲ. ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗದೆ ಒಂದು ವಾರ ನೋಟ್‌ಬುಕ್ ಇಟ್ಟುಕೊಂಡು ಪ್ರತಿ ನಿಮಿಷ ಬರೆದೆ. ಮನೆ ಬಿಟ್ಟ ಹೊತ್ತು, ತಲುಪಿದ ಹೊತ್ತು, ಬೆಡ್ ಬಿಚ್ಚಿದ್ದು, ವ್ಯಾಕ್ಸ್ ಕಾಯೋಕೆ ಹಿಡಿದದ್ದು, ಕಸ್ಟಮರ್ ಮೇಲೆ ಕೈ ಇಟ್ಟದ್ದು, ಕೈ ತೆಗೆದದ್ದು, ಸಾಮಾನು ಒರೆಸಿ ತುಂಬಿದ್ದು. ಆ ವಾರ 11 ಕಸ್ಟಮರ್. ಕೈಕೆಲಸ 9 ಗಂಟೆ 20 ನಿಮಿಷ. ಓಡಾಟ, ಬಿಚ್ಚೋದು, ಕಟ್ಟೋದು ಸೇರಿ 13 ಗಂಟೆ 40 ನಿಮಿಷ. ಒಟ್ಟು 23 ಗಂಟೆ. ಅಂದರೆ ದುಡ್ಡು ಬರುವ ಒಂದು ಗಂಟೆಗೆ ದುಡ್ಡು ಬಾರದ ಸುಮಾರು ಒಂದೂವರೆ ಗಂಟೆ. ಇದೇ ನನ್ನ ಬಾಡಿಗೆ. ಯಾರಿಗೂ ಕೊಡುತ್ತಿರಲಿಲ್ಲ, ಆದರೂ ಹೋಗುತ್ತಿತ್ತು.

ಆ ಪುಟ ನೋಡಿದ ಮೇಲೆ ಮೂರು ಬದಲಾವಣೆ ಮಾಡಿದೆ. ಒಂದು ದಿನಕ್ಕೆ ಒಂದೇ ದಿಕ್ಕು; ಬುಧವಾರ ಈ ಕಡೆಯ ಬಡಾವಣೆ, ಗುರುವಾರ ಆ ಕಡೆ. ಬರೀ ಹುಬ್ಬಿಗಾಗಿ ಹೋಗುವುದನ್ನು ನಿಲ್ಲಿಸಿದೆ. ಒಂದು ಮನೆಗೆ ಹೋದರೆ ಕನಿಷ್ಠ ಒಂದು ಗಂಟೆ ಕೆಲಸ ಇರಬೇಕು, ಇಲ್ಲದಿದ್ದರೆ ಪಕ್ಕದ ಮನೆಯವರನ್ನೋ ತಂಗಿಯನ್ನೋ ಸೇರಿಸಿಕೊಳ್ಳಿ ಅಂತ ಹೇಳತೊಡಗಿದೆ. ಓಡಾಟದ ಖರ್ಚನ್ನು ಸರ್ವಿಸ್ ರೇಟಿನೊಳಗೆ ಅಡಗಿಸದೆ ಬೇರೆಯಾಗಿ ತೋರಿಸಿದೆ. ಮೂರನೆಯದಕ್ಕೆ ಜನ ಮುನಿಸಿಕೊಳ್ಳುತ್ತಾರೆ ಅಂತ ಹೆದರಿದ್ದೆ. ಇಬ್ಬರು ಬಿಟ್ಟುಹೋದರು. ಉಳಿದವರು ಒಟ್ಟಿಗೆ ಬುಕ್ ಮಾಡಿ ಆ ಖರ್ಚು ಹಂಚಿಕೊಂಡರು. ಮೂರು ತಿಂಗಳಲ್ಲಿ ಅದೇ 23 ಗಂಟೆಯೊಳಗೆ ಕೈಕೆಲಸ 14 ಗಂಟೆಗೆ ಏರಿತು, ವಾರಕ್ಕೆ 17 ಕಸ್ಟಮರ್ ಆದರು.

ಪ್ಯಾಚ್ ಟೆಸ್ಟ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಮನೆಗೆ ಹೋಗಿ ಮಾಡುವವರು ಎಡವೋದು ಇಲ್ಲೇ. ಕೂದಲ ಡೈ, ಹುಬ್ಬಿನ ಟಿಂಟ್, ಇವುಗಳಲ್ಲಿರುವ ಪಿಪಿಡಿ ಅನ್ನುವ ಬಣ್ಣದ ರಾಸಾಯನಿಕ ಕೆಲವರಿಗೆ ಜೋರಾಗಿ ಅಲರ್ಜಿ ಮಾಡುತ್ತದೆ. ಮುಖ, ಕಣ್ಣು ಊದಿಕೊಳ್ಳುವಷ್ಟು. ಹತ್ತು ಸಲ ಏನೂ ಆಗದವರಿಗೆ ಹನ್ನೊಂದನೇ ಸಲ ಆಗಬಹುದು. ಅದಕ್ಕೇ 48 ಗಂಟೆ ಮುಂಚೆ ಕಿವಿಯ ಹಿಂದೆಯೋ ಮೊಣಕೈ ಒಳಮಡಿಕೆಯಲ್ಲೋ ಚೂರು ಹಚ್ಚಿ ನೋಡೋದು. ಪಾರ್ಲರಿನಲ್ಲಿ ಇದು ಸುಲಭ: ದಾರಿಯಲ್ಲಿ ಹೋಗುವಾಗ ಎರಡು ನಿಮಿಷ ಬಂದುಹೋಗಿ ಅಂದರೆ ಮುಗಿಯಿತು. ಬ್ಯಾಗಿನವಳಿಗೆ ಅದು ಇಡೀ ಒಂದು ಟ್ರಿಪ್. ಎರಡು ನಿಮಿಷದ ಕೆಲಸಕ್ಕೆ ಒಂದೂವರೆ ಗಂಟೆ. "ಬೇಡ ಬಿಡಿ, ನಂಗೇನೂ ಆಗಲ್ಲ" ಅಂತ ಕಸ್ಟಮರೇ ಹೇಳುತ್ತಾರೆ, ನಮಗೂ ಹೂಂ ಅನ್ನಬೇಕು ಅನ್ನಿಸುತ್ತದೆ. ನಾನು ಇದಕ್ಕೆ ಮಾಡಿಕೊಂಡ ದಾರಿ ಇಷ್ಟೇ. ಯಾವ ಕೆಲಸಕ್ಕೇ ಹೋದರೂ, ಮುಂದೆ ಟಿಂಟ್ ಅಥವಾ ಡೈ ಬೇಕಾಗಬಹುದು ಅನ್ನಿಸಿದರೆ ಅವತ್ತೇ ಟೆಸ್ಟ್ ಹಚ್ಚಿ ಬರುವುದು, ಎರಡು ದಿನದ ಮೇಲೆ ಆ ಜಾಗದ ಫೋಟೋ ತರಿಸಿಕೊಳ್ಳುವುದು, ಆ ಕಸ್ಟಮರಿನ ವಿವರ ಬರೆದಿಡುವ ಕಾರ್ಡಿನಲ್ಲಿ ತಾರೀಕು ಮತ್ತು ಬ್ರ್ಯಾಂಡ್ ಬರೆಯುವುದು. ತಿಂಗಳುಗಟ್ಟಲೆ ಅಂತರ ಬಿದ್ದರೆ ಅಥವಾ ಬ್ರ್ಯಾಂಡ್ ಬದಲಾದರೆ ಮತ್ತೆ ಟೆಸ್ಟ್. ಟೆಸ್ಟ್ ಇಲ್ಲದೆ ಡೈ ಇಲ್ಲ. ಇದರಿಂದ ಕೆಲವು ಬುಕಿಂಗ್ ಕೈತಪ್ಪಿವೆ, ಪರವಾಗಿಲ್ಲ.

ನನ್ನ ಕೈಯಿಂದಲೇ ಒಬ್ಬರಿಗೆ ನೋವಾದದ್ದೂ ಇದೆ. ಮೇಲ್ತುಟಿಗೆ ವ್ಯಾಕ್ಸ್. ವ್ಯಾಕ್ಸನ್ನು ಮಣಿಕಟ್ಟಿನ ಒಳಗೆ ಹಚ್ಚಿ ಬಿಸಿ ನೋಡಿದ್ದೆ, ಎಲ್ಲ ಸರಿಯಾಗಿತ್ತು. ಸ್ಟ್ರಿಪ್ ಎಳೆದಾಗ ಕೂದಲ ಜೊತೆ ಚರ್ಮದ ಮೇಲ್ಪದರವೂ ಬಂತು. ಕಿರುಬೆರಳಿನ ಉಗುರಿನಷ್ಟು ಜಾಗ ಕೆಂಪಗೆ, ಹಸಿಯಾಗಿ ಹೊಳೆಯುತ್ತಿತ್ತು. ನನ್ನ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ತಣ್ಣೀರಿನ ಬಟ್ಟೆ ಇಟ್ಟೆ, ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿದೆ, ಬಿಸಿಲಿಗೆ ಹೋಗಬೇಡಿ, ಮೇಕಪ್ ಮುಟ್ಟಿಸಬೇಡಿ, ಜಾಸ್ತಿ ಉರಿದರೆ ಡಾಕ್ಟರಿಗೆ ತೋರಿಸಿ ಅಂದೆ. ವಾರ ಪೂರ್ತಿ ದಿನಾ ಫೋನ್ ಮಾಡಿ ವಿಚಾರಿಸಿದೆ. ವಾಸಿಯಾಯಿತು, ಕಲೆ ಮಾತ್ರ ಎರಡು ತಿಂಗಳು ಉಳಿಯಿತು. ಅವರು ಮೊಡವೆಗೆ ರಾತ್ರಿ ಹೊತ್ತು ರೆಟಿನಾಯ್ಡ್ ಕ್ರೀಮ್ ಹಚ್ಚುತ್ತಿದ್ದರು. ಅದು ಚರ್ಮದ ಮೇಲ್ಪದರವನ್ನು ತೆಳ್ಳಗೆ, ಸೂಕ್ಷ್ಮ ಮಾಡುತ್ತದೆ. ಆ ಜಾಗದಲ್ಲಿ ವ್ಯಾಕ್ಸ್ ಮಾಡಲೇಬಾರದಿತ್ತು. "ಏನಾದ್ರೂ ಕ್ರೀಮ್ ಹಚ್ತೀರಾ ಮೇಡಂ?" ಅಂತ ನಾನು ಕೇಳಿದ್ದೆ, ಇಲ್ಲ ಅಂದಿದ್ದರು. ಅವರ ಲೆಕ್ಕದಲ್ಲಿ ಅದು ಔಷಧಿ, ಕ್ರೀಮ್ ಅಲ್ಲ. ಅವರದ್ದು ತಪ್ಪಿಲ್ಲ, ನಾನು ಕೇಳಿದ ರೀತಿ ಸರಿಯಿರಲಿಲ್ಲ.

ಈಗ ಕೇಳೋದೇ ಬೇರೆ ಥರ: "ರಾತ್ರಿ ಮಲಗೋ ಮುಂಚೆ ಮುಖಕ್ಕೆ ಏನು ಹಚ್ತೀರಾ? ಆ ಟ್ಯೂಬ್ ಒಂಚೂರು ತೋರಿಸ್ತೀರಾ?" ಮನೆಗೆ ಹೋಗಿ ಮಾಡುವುದರಲ್ಲಿ ನನಗೆ ಸಿಕ್ಕ ದೊಡ್ಡ ಅನುಕೂಲ ಇದು. ಟ್ಯೂಬು ಅಲ್ಲೇ ಬಾತ್‌ರೂಮಿನಲ್ಲಿ ಇರುತ್ತದೆ, ಎದ್ದುಹೋಗಿ ತಂದುಬಿಡುತ್ತಾರೆ. ಪಾರ್ಲರಿನಲ್ಲಿ ಹೆಸರು ನೆನಪಾಗದೆ "ಯಾವುದೋ ಹಳದಿ ಡಬ್ಬ" ಅನ್ನುತ್ತಾರೆ. ಅದಕ್ಕೇ ಈಗ ಬುಕಿಂಗ್ ಆದ ದಿನವೇ ಅವರ ಕ್ರೀಮು, ಮಾತ್ರೆಗಳ ಫೋಟೋ ಕಳಿಸೋಕೆ ಹೇಳುತ್ತೇನೆ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಗೊಳ್ಳುತ್ತಿದ್ದರೆ ವ್ಯಾಕ್ಸಿಂಗ್ ಇಲ್ಲ. ಮಾತ್ರೆ ನಿಲ್ಲಿಸಿದ ಮೇಲೂ ಆರು ತಿಂಗಳು ಕಾಯಿರಿ ಅನ್ನುತ್ತೇನೆ. ಶುಗರ್ ಇರುವವರ ಪಾದಕ್ಕೆ ಬ್ಲೇಡು, ಚೂಪಾದ ಸಾಮಾನು ಮುಟ್ಟಿಸುವುದಿಲ್ಲ. ಅವರಿಗೆ ಗಾಯ ಆದದ್ದೇ ಗೊತ್ತಾಗದಿರಬಹುದು, ಬೇಗ ಮಾಯುವುದೂ ಇಲ್ಲ.

ಶುಚಿತ್ವದ ಬಗ್ಗೆ ಹೊಸಬರು ನನ್ನನ್ನು ಜಾಸ್ತಿ ಕೇಳೋದು ಯುವಿ ಬಾಕ್ಸ್ ತಗೊಳ್ಳಲಾ ಅಂತ. ನೀಲಿ ಬೆಳಕಿನ ಆ ಡಬ್ಬ ನೋಡೋಕೆ ಚೆನ್ನಾಗಿದೆ. ಆದರೆ ಶುಚಿ ಮಾಡಿದ್ದನ್ನು ಇಡೋಕೆ ಅಷ್ಟೇ ಅದು, ಶುಚಿ ಮಾಡೋಕಲ್ಲ. ಬೆಳಕು ಬೀಳದ ಕಡೆ ಏನೂ ಆಗುವುದಿಲ್ಲ. ಪ್ಲಕ್ಕರನ್ನು ಮೊದಲು ಸೋಪು ನೀರಿನಲ್ಲಿ ಉಜ್ಜಿ ತೊಳೆಯಬೇಕು, ಆಮೇಲೆ ಸೋಂಕು ನಿವಾರಕ ದ್ರಾವಣದಲ್ಲಿ ಬಾಟಲಿ ಮೇಲೆ ಬರೆದಷ್ಟು ನಿಮಿಷ ಪೂರ್ತಿ ಮುಳುಗಿಸಿಡಬೇಕು. ಕೊಳೆ ಇದ್ದ ಹಾಗೇ ಅದ್ದಿದರೆ ಪ್ರಯೋಜನವಿಲ್ಲ. ಒರೆಸೋಕೆ ಆಲ್ಕೋಹಾಲ್ ಬಳಸುವವರು ಜಾಸ್ತಿ ಸ್ಟ್ರಾಂಗ್ ಇದ್ದರೆ ಜಾಸ್ತಿ ಒಳ್ಳೆಯದು ಅಂದುಕೊಳ್ಳುತ್ತಾರೆ. 70 ಪರ್ಸೆಂಟಿನದೇ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ರೋಗಾಣುಗಳನ್ನು ಕೊಲ್ಲೋಕೆ ಅದರ ಜೊತೆ ನೀರೂ ಬೇಕು. ವ್ಯಾಕ್ಸಿನಲ್ಲಿ ಒಂದು ಸಲ ಚರ್ಮಕ್ಕೆ ತಾಗಿದ ಕಡ್ಡಿ ಮತ್ತೆ ಡಬ್ಬಕ್ಕೆ ಹೋಗಬಾರದು. ಒಬ್ಬರಿಗೆ 15 ಕಡ್ಡಿ ಹಿಡಿದರೂ ಸರಿ.

ಬ್ಯಾಗಿನಲ್ಲಿ ಓಡಾಡುವಾಗ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ನಡುವೆ ತೊಳೆದು ನೆನೆಸಿಡೋಕೆ ಜಾಗ ಎಲ್ಲಿದೆ? ಹಾಗಾಗಿ ಆರು ಸೆಟ್ ಪ್ಲಕ್ಕರ್, ಕತ್ತರಿ ಕೊಂಡೆ. ಒಂದೊಂದು ಸೆಟ್ ಒಂದೊಂದು ಕವರಿನಲ್ಲಿ. ಬಳಸಿದ್ದು ಕೆಂಪು ಮುಚ್ಚಳದ ಡಬ್ಬಕ್ಕೆ. ಆರೂ ಮುಗಿದರೆ ಆ ದಿನದ ಕೆಲಸ ಮುಗಿಯಿತು. ಕೋಣೆ ಮಾಡಿದ ಮೇಲೆ ಚಿಕ್ಕ ಆಟೋಕ್ಲೇವ್, ಅಂದರೆ ಸಾಮಾನಿನ ಮೇಲಿನ ರೋಗಾಣುಗಳನ್ನು ಹಬೆಯಲ್ಲಿ ಕೊಲ್ಲುವ ಯಂತ್ರ ತಂದೆ. ಒತ್ತಡದ ಹಬೆಯಲ್ಲಿ 121 ಡಿಗ್ರಿಗೆ 15 ನಿಮಿಷ, 134 ಡಿಗ್ರಿಗೆ ಆದರೆ 3 ನಿಮಿಷ. ಅದನ್ನು ಆನ್ ಮಾಡುವಾಗ ಇವತ್ತಿಗೂ ಒಂಥರಾ ನೆಮ್ಮದಿ.

ಹೆಣ್ಣುಮಗಳು ಒಬ್ಬಳೇ ಗುರುತಿಲ್ಲದ ಮನೆಗಳಿಗೆ ಹೋಗುವ ಕೆಲಸ ಇದು. ಹೊಸ ಕಸ್ಟಮರ್ ಆದರೆ ಮೆಸೇಜಿನಲ್ಲೇ ಬುಕಿಂಗ್ ಮುಗಿಸುವುದಿಲ್ಲ, ಫೋನಿನಲ್ಲಿ ಮಾತಾಡಿ ದನಿ ಕೇಳುತ್ತೇನೆ. ಯಾರ ಮೂಲಕ ನನ್ನ ನಂಬರ್ ಸಿಕ್ಕಿತು ಅಂತ ಕೇಳುತ್ತೇನೆ. ಮೊದಲ ಭೇಟಿ ಹಗಲಲ್ಲೇ. ಹೋಗುವಾಗ ಲೊಕೇಶನ್ ಅಕ್ಕನಿಗೆ ಕಳಿಸಿ, "ಹನ್ನೆರಡೂವರೆಗೆ ಮುಗಿಯುತ್ತೆ" ಅಂತ ಹೊತ್ತು ಹೇಳುತ್ತೇನೆ. ಆ ಹೊತ್ತಿಗೆ ನನ್ನ ಮೆಸೇಜ್ ಬರದಿದ್ದರೆ ಅವಳು ಫೋನ್ ಮಾಡುತ್ತಾಳೆ. ಒಂದು ಸಲ ಬಾಗಿಲು ತೆಗೆದವರು ಬುಕ್ ಮಾಡಿದವರಾಗಿರಲಿಲ್ಲ, ಮನೆಯಲ್ಲಿ ಹೆಂಗಸರು ಕಾಣಲಿಲ್ಲ. "ಹೀಟರ್ ಗಾಡಿಯಲ್ಲೇ ಮರೆತೆ, ತರ್ತೀನಿ" ಅಂತ ಕೆಳಗೆ ಇಳಿದವಳು ಗಾಡಿ ಹತ್ತಿ ಹೊರಟೇಬಿಟ್ಟೆ. ನನ್ನ ಅನುಮಾನ ತಪ್ಪೇ ಇರಬಹುದು. ಆದರೂ ಹಾಗೆ ಹೊರಟದ್ದಕ್ಕೆ ನನಗೆ ಬೇಜಾರಿಲ್ಲ.

ಎರಡನೇ ವರ್ಷದ ಕೊನೆಗೆ ಕೋಣೆ ಮಾಡಲೇ ಅನ್ನುವ ಯೋಚನೆ ಬಂತು. ಈ ಸಲ ಯಾರನ್ನೂ ಕೇಳಲಿಲ್ಲ, ಲೆಕ್ಕ ಹಾಕಿದೆ. ಒಬ್ಬರೂ ಬರದಿದ್ದರೂ ತಿಂಗಳಿಗೆ ಕೊಡಲೇಬೇಕಾದದ್ದು ಎಷ್ಟು: ಬಾಡಿಗೆ, ಕರೆಂಟು, ನೀರು, ವಿಮೆ, ಫೋನು. ಒಬ್ಬ ಕಸ್ಟಮರಿನಿಂದ ಸರಾಸರಿ ಬರುವುದರಲ್ಲಿ ಅವರಿಗೆ ಬಳಸಿದ ಸಾಮಾನಿನ ಖರ್ಚು ಕಳೆದರೆ ಉಳಿಯೋದು ಎಷ್ಟು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಕೋಣೆ ತನ್ನ ಹೊಟ್ಟೆ ತಾನು ತುಂಬಿಕೊಳ್ಳೋಕೆ ಎಷ್ಟು ಜನ ಬೇಕು ಅಂತ ಸಿಗುತ್ತದೆ. ನನಗೆ 62 ಬಂತು. ಅದರಲ್ಲಿ ನನ್ನ ಸಂಬಳ ಸೇರಿಲ್ಲ. ನಮ್ಮ ಸಂಬಳವನ್ನು ಖರ್ಚಿನಲ್ಲಿ ಬರೆಯೋಕೆ ಯಾಕೋ ನಾವೆಲ್ಲ ಸಂಕೋಚಪಡುತ್ತೇವೆ. ಬರೆಯಲೇಬೇಕು. ಬರೆದಾಗ 110 ಆಯಿತು. ನನ್ನ ಹತ್ತಿರ ಆಗ ತಿಂಗಳಿಗೆ 70ರಿಂದ 75 ಜನ. ಕೋಣೆಯ ಆಸೆ ಬಹಳ ಇತ್ತು, ಬೋರ್ಡಿನ ಬಣ್ಣ ಕೂಡ ಮನಸ್ಸಿನಲ್ಲೇ ಆರಿಸಿ ಆಗಿತ್ತು. ಆದರೂ ಒಂದು ವರ್ಷ ಮುಂದೂಡಿದೆ.

ಆ ವರ್ಷ ಒಂದು ಪಾರ್ಲರಿನಲ್ಲಿ ವಾರಕ್ಕೆ ಮೂರು ದಿನ ಕುರ್ಚಿ ಬಾಡಿಗೆಗೆ ತಗೊಂಡೆ. ಉಳಿದ ದಿನ ಬ್ಯಾಗು. ಕುರ್ಚಿಗೆ ಎರಡು ಪದ್ಧತಿ ಇದೆ: ದಿನಕ್ಕೆ ಇಷ್ಟು ಅಂತ ಗೊತ್ತಾದ ಬಾಡಿಗೆ, ಇಲ್ಲವೇ ಬಂದದ್ದರಲ್ಲಿ ಪಾಲು. ಕಸ್ಟಮರ್ ಕಡಿಮೆ ಇರುವಾಗ ಪಾಲು ಲೇಸು, ಜಾಸ್ತಿ ಆದ ಮೇಲೆ ಗೊತ್ತಾದ ಬಾಡಿಗೆ ಲೇಸು. ನಾನು ಆರು ತಿಂಗಳಿಗೆ ಬದಲಾಯಿಸಿಕೊಂಡೆ. ಎತ್ತರದ ಕುರ್ಚಿ, ಬಿಸಿನೀರು, ಬೆಳಕು ಇದ್ದರೆ ಎಷ್ಟು ಬೇಗ ಕೆಲಸ ಸಾಗುತ್ತದೆ ಅಂತ ಅಲ್ಲಿ ಗೊತ್ತಾಯಿತು. ಬೆನ್ನುನೋವು ಅರ್ಧ ಇಳಿಯಿತು.

ಬಿಡುವಾಗ ಜಗಳವಾಯಿತು. ಅಲ್ಲಿಗೆ ಬಂದವರೆಲ್ಲ ತಮ್ಮ ಕಸ್ಟಮರ್ ಅಂತ ಮಾಲೀಕರು ಹೇಳಿದರು. ನಾನು ಬ್ಯಾಗಿನ ಕಾಲದಿಂದ ಕರೆತಂದವರ ಕಾರ್ಡುಗಳೂ ಅವರ ಡ್ರಾಯರಿನಲ್ಲೇ ಇದ್ದವು. ಒಪ್ಪಂದ ಬಾಯಿಮಾತಿನದು, ತೋರಿಸೋಕೆ ನನ್ನ ಹತ್ತಿರ ಕಾಗದ ಇರಲಿಲ್ಲ. ಹತ್ತಿರ ಹತ್ತಿರ 30 ಕಾರ್ಡು ಹೋದವು, ಅವುಗಳಲ್ಲಿದ್ದ ಅಲರ್ಜಿ ವಿವರಗಳೂ ಹೋದವು. ನನಗೆ ಜಾಸ್ತಿ ಸಂಕಟ ಆದದ್ದು ಅದಕ್ಕೇ. ಕುರ್ಚಿ ಹಿಡಿಯುವವರು ಮೊದಲ ದಿನವೇ ಬರೆಸಿಕೊಳ್ಳಿ: ಕಾರ್ಡು ಯಾರದ್ದು, ಟವೆಲ್ ಮತ್ತು ಸಾಮಾನಿನ ಖರ್ಚು ಯಾರದ್ದು, ಬಿಡಬೇಕಾದರೆ ಎಷ್ಟು ದಿನ ಮುಂಚೆ ಹೇಳಬೇಕು, ಬಿಟ್ಟ ಮೇಲೆ ಹತ್ತಿರದಲ್ಲೇ ಅಂಗಡಿ ತೆರೆಯಬಹುದಾ. ಎಷ್ಟೇ ಒಳ್ಳೆಯವರಾದರೂ ಬರೆಸಿಕೊಳ್ಳಿ.

ತಿಂಗಳಿಗೆ 115 ಜನ ದಾಟಿ, ಮೂರು ತಿಂಗಳು ಆ ಲೆಕ್ಕ ಅಲ್ಲೇ ನಿಂತ ಮೇಲೆ ಕೋಣೆ ಹುಡುಕಿದೆ. ಲೈಸೆನ್ಸು ಮತ್ತು ವಿಮೆ ಬೇಗ ಆದವು. ವಿಮೆಯವರಿಗೆ ಮಾತ್ರ ಮನೆಗೆ ಹೋಗಿ ಮಾಡುವುದನ್ನೂ ಕೋಣೆಯಲ್ಲಿ ಮಾಡುವುದನ್ನೂ ಎರಡನ್ನೂ ಹೇಳಬೇಕು. ಒಂದಕ್ಕೆ ತಗೊಂಡ ಪಾಲಿಸಿ ಇನ್ನೊಂದಕ್ಕೆ ಬರದಿರಬಹುದು. ಯಾವ ಯಾವ ಟ್ರೀಟ್‌ಮೆಂಟ್ ಮಾಡುತ್ತೀರಿ ಅಂತ ಒಂದೊಂದನ್ನೂ ಬರೆಸಿ. ಬಾಡಿಗೆ ಕರಾರಿನಲ್ಲಿ ವ್ಯಾಪಾರಕ್ಕೆ ಬಳಸಬಹುದು ಅಂತ ಇದೆಯಾ ನೋಡಿ. ಕೋಣೆ ನೋಡುವಾಗ ನಾನು ಗೋಡೆ ಬಣ್ಣ, ಕಿಟಕಿ, ರಸ್ತೆಯ ಓಡಾಟ ಎಲ್ಲ ನೋಡಿದೆ. ನೀರು ಹೋಗುವ ಪೈಪು ನೋಡಲಿಲ್ಲ. ಎರಡನೇ ವಾರವೇ ಸಿಂಕ್ ಕಟ್ಟಿಕೊಂಡಿತು. ಬೆಡ್ ಮೇಲೆ ಒಬ್ಬರು ಫೇಸ್ ಪ್ಯಾಕ್ ಹಾಕಿಸಿಕೊಂಡು ಮಲಗಿದ್ದಾರೆ, ತೊಳೆಯೋಕೆ ನೀರು ಬಿಟ್ಟರೆ ವಾಪಸ್ ಮೇಲಕ್ಕೆ ಬರುತ್ತಿದೆ. ಬಕೆಟಿನಲ್ಲಿ ಹಿಡಿದು ಆ ದಿನ ದಾಟಿಸಿದೆ. ಟವೆಲ್ ಲೆಕ್ಕವೂ ತಪ್ಪಿತ್ತು. ಒಬ್ಬರಿಗೆ ಎರಡು, ದಿನಕ್ಕೆ ಏಳು ಜನ ಅಂದರೆ 14 ಟವೆಲ್. 60 ಡಿಗ್ರಿಯಲ್ಲಿ ಒಗೆದು ಒಣಗೋಕೆ ಒಂದು ದಿನ, ಮಳೆಯಿದ್ದರೆ ಎರಡು ದಿನ. ಹಾಗಾಗಿ 42 ಬೇಕು. ನಾನು 20 ತಂದಿದ್ದೆ.

ಕೋಣೆಯಲ್ಲಿ ಜೀವ ಹಿಂಡಿದ್ದು ಬರುತ್ತೇನೆ ಅಂತ ಹೇಳಿ ಬಾರದವರು. ಬ್ಯಾಗು ಹಿಡಿದಾಗ ಕಸ್ಟಮರ್ ಮನೆಯಲ್ಲೇ ಇರುತ್ತಿದ್ದರು, ಇಲ್ಲಿ ಖಾಲಿ ಕುರ್ಚಿ ನೋಡುತ್ತಾ ಕೂರಬೇಕು. ಹಿಂದಿನ ದಿನ ಮೆಸೇಜ್ ಹಾಕುವುದು, ಒಂದು ಗಂಟೆ ಮೀರಿದ ಕೆಲಸಕ್ಕೆ ಅಡ್ವಾನ್ಸ್ ತಗೊಳ್ಳುವುದು, ಇವೆರಡರಿಂದ ಅದು ತುಂಬಾ ಕಡಿಮೆಯಾಯಿತು. ವ್ಯಾಕ್ಸಿಂಗ್ ಮುಗಿದ ತಕ್ಷಣ ಮುಂದಿನ ತಾರೀಕು ಬರೆದುಕೊಂಡೇ ಕಳಿಸುತ್ತೇನೆ. ಕೂದಲು ಸುಮಾರು 6 ಮಿಲಿಮೀಟರ್ ಬೆಳೆದರೆ ಸರಿಯಾಗಿ ಹಿಡಿತಕ್ಕೆ ಸಿಗುತ್ತದೆ, ಅದಕ್ಕೆ ನಾಲ್ಕರಿಂದ ಆರು ವಾರ. ಅವರೂ ನೆನಪಿಟ್ಟುಕೊಳ್ಳಬೇಕಿಲ್ಲ, ನನಗೂ ಮುಂದಿನ ತಿಂಗಳು ಕಣ್ಣಿಗೆ ಕಾಣುತ್ತದೆ.

ಬ್ಯಾಗನ್ನು ಪೂರ್ತಿ ಬಿಟ್ಟಿಲ್ಲ. ಮಂಗಳವಾರ ಬೆಳಿಗ್ಗೆ ಕೋಣೆಗೆ ಬೀಗ. ಅವತ್ತು ಬಾಣಂತಿಯರು, ವಯಸ್ಸಾದವರು, ಹೊರಗೆ ಬರಲಾಗದವರು. ಒಬ್ಬ ಅಜ್ಜಿ ಇದ್ದಾರೆ, ಪಾರ್ಶ್ವವಾಯು ಆಗಿ ಹಾಸಿಗೆ ಹಿಡಿದು ಐದು ವರ್ಷ. ಗಲ್ಲದ ಮೇಲಿನ ನಾಲ್ಕು ಕೂದಲು ತೆಗೆಯೋಕೆ ಮೊದಲು ಕರೆಸಿದ್ದು ಅವರ ಸೊಸೆ. "ಅತ್ತೆ ಅದನ್ನ ಕೈಯಲ್ಲಿ ಮುಟ್ಟಿ ಮುಟ್ಟಿ ಅಳ್ತಾರೆ" ಅಂದಿದ್ದರು. ನಾಲ್ಕು ಕೂದಲಿಗೆ ಐದು ನಿಮಿಷ. ಆಮೇಲೆ ಕನ್ನಡಿ ಹಿಡಿದೆ. ಆಡುವ ಕೈಯಿಂದ ಗಲ್ಲ ಸವರಿಕೊಂಡು, ಕನ್ನಡಿ ಇನ್ನೂ ಹತ್ತಿರ ತಾ ಅಂತ ಸನ್ನೆ ಮಾಡಿದರು. ಒಂದು ಗಂಟೆಯ ನಿಯಮ ಆ ಮನೆಗೆ ಇಲ್ಲ. ಮಂಗಳವಾರದ ಓಡಾಟದ ಖರ್ಚನ್ನು ಉಳಿದ ಐದು ದಿನ ಹೊರುತ್ತವೆ, ಅದನ್ನೂ ಲೆಕ್ಕದಲ್ಲಿ ಬರೆದಿದ್ದೇನೆ.

ಕೋಣೆಯ ಕರಾರು ಮುಗಿಯೋಕೆ ಇನ್ನು ಎರಡು ತಿಂಗಳಿದೆ. ಹಿಂಬದಿಯ ಚಿಕ್ಕ ಕೋಣೆಯೂ ಖಾಲಿಯಾಗುತ್ತಿದೆ, ಸೇರಿಸಿ ತಗೊಳ್ಳಿ ಅಂತ ಕೋಣೆಯ ಮಾಲೀಕರು ಕೇಳಿದ್ದಾರೆ. ಭಾಗಿಸಿ ನೋಡಿದೆ, ತಿಂಗಳಿಗೆ 148 ಜನ ಬೇಕು, ಈಗ 131 ಇದ್ದಾರೆ. ಪೈಪ್‌ಲೈನ್ ಪೂರ್ತಿ ಬದಲಾಯಿಸಿಕೊಡಿ, ಹಿಂಬದಿಯ ಕೋಣೆಯ ಮಾತು ಆರು ತಿಂಗಳು ಬಿಟ್ಟು ಆಡೋಣ ಅಂದಿದ್ದೇನೆ. ಪ್ಲಂಬರ್ ಸೋಮವಾರ ಬರುತ್ತಾರಂತೆ.